ಉದ್ದ ಪೈಪಿನ ಡಾಕ್ಟರ್

ಹಳೆಯ ರಬ್ಬರಿಗೆ ಒಂದು ವಾಸನೆ ಇರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಬೆಂದು, ಅಂಟಂಟಾಗಿ, ಆಮೇಲೆ ಒಣಗಿ ಬಿರುಕು ಬಿಟ್ಟ ರಬ್ಬರಿನ ವಾಸನೆ. ಹೋದ ತಿಂಗಳು ಶಹಾಪುರದ ನನ್ನ ದವಾಖಾನೆಗೆ ಒಬ್ಬ ಹಿರಿಯರು ಬಂದು ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲಿಟ್ಟರು. ಬಿಚ್ಚುವ ಮೊದಲೇ ಆ ವಾಸನೆ ಮೂಗಿಗೆ ಬಡಿಯಿತು. ಬಂದವರು ಊರಿನ ದೊಡ್ಡ ಡಾಕ್ಟರ ಹತ್ತಿರ ಬಹಳ ವರ್ಷ ಕಂಪೌಂಡರ್ ಆಗಿದ್ದವರು. ಚೀಲದಲ್ಲಿ ಇದ್ದದ್ದು ದೊಡ್ಡ ಡಾಕ್ಟರ ಸ್ಟೆತಾಸ್ಕೋಪು.

"ಸಾಹೇಬ್ರು ಹೋಗಿ ವರ್ಷ ಆತ್ರಿ ಮೇಡಂ. ಅವರ ನೆನಪಿಗಿ ಒಂದು ಪುಸ್ತಕ ತರಾಕತ್ತಾರ. ನೀವು ಅವರ ಕೈಯಾಗ ಕಲ್ತೋರು. ನಾಕು ಛಲೋ ಮಾತು ಬರದು ಕೊಡ್ರಿ. ಇದು ನಿಮ್ಮ ಕಡೀನs ಇರ್ಲಿ" ಅಂದರು.

ಆಯಿತು ಅಂದೆ. ಚಹಾ ಕುಡಿಸಿ ಕಳಿಸಿದೆ. ಆಮೇಲೆ ಆ ಸ್ಟೆತಾಸ್ಕೋಪನ್ನು ಎತ್ತಿ ನೋಡಿದೆ. ಸಾಮಾನ್ಯವಾಗಿ ಇರುವುದಕ್ಕಿಂತ ಎರಡು ಪಟ್ಟು ಉದ್ದದ ಪೈಪು. ಊರಿನಲ್ಲಿ ಬೇರೆ ಯಾವ ಡಾಕ್ಟರ ಹತ್ತಿರವೂ ಅಂಥದ್ದು ಇರಲಿಲ್ಲ. ನಾಲ್ಕು ಒಳ್ಳೆಯ ಮಾತು ಕೇಳಿದರು. ಹುಡುಕಿದರೆ ನನ್ನ ಹತ್ತಿರ ಎರಡು ಸಿಕ್ಕಾವು. ಅವನ್ನು ಬರೆಯುತ್ತೇನೆ, ಅನ್ಯಾಯ ಮಾಡುವುದಿಲ್ಲ. ಉಳಿದದ್ದನ್ನೂ ಬರೆಯುತ್ತೇನೆ. ಆ ಪುಸ್ತಕದಲ್ಲಿ ಇದು ಅಚ್ಚಾಗಲಿಕ್ಕಿಲ್ಲ, ಅದು ಬೇರೆ ಮಾತು.

ನಾನಾಗ ಮೆಡಿಕಲ್ ಕಾಲೇಜಿನ ಮೂರನೇ ವರ್ಷದಲ್ಲಿದ್ದೆ. ನಮ್ಮೂರು ಸಗರ. ಅಪ್ಪ ಪ್ರೈಮರಿ ಶಾಲೆಯ ಮಾಸ್ತರ. ನಮ್ಮದು ಬೌದ್ಧರ ಮನೆ. ಪಡಸಾಲೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ನನ್ನ ಪುಸ್ತಕದ ಪೆಟ್ಟಿಗೆ. ನಮ್ಮ ಓಣಿಯಿಂದ ಡಾಕ್ಟರಿಕೆ ಓದಲು ಹೋದವಳು ನಾನೇ ಮೊದಲು. ರಜೆಗೆ ಬಂದಾಗ ಸುಮ್ಮನೆ ಕೂಡುವುದೇಕೆ ಎಂದು ಅಪ್ಪ ನನ್ನನ್ನು ಶಹಾಪುರಕ್ಕೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರ ಮುಂದೆ ನಿಲ್ಲಿಸಿದರು. ಡಾಕ್ಟರು ನಕ್ಕು, "ಬರಲಿ ಮಾಸ್ತರ. ಕುಂತು ನೋಡಲಿ. ನೋಡೂದ್ರಾಗೇ ಅದ ಎಲ್ಲಾ" ಅಂದರು. ಆ ಮಾತು ಎಷ್ಟು ಖರೆ ಎಂದು ಆಗ ನನಗೆ ಗೊತ್ತಾಗಲಿಲ್ಲ.

ಅದು ಕಾಲುವೆಯ ಕಾಲ. ಕಾಲುವೆಯ ನೀರು ಆಗಷ್ಟೇ ನಮ್ಮ ಕಡೆಗೆ ಬರತೊಡಗಿತ್ತು. ಒಂದು ಕಡೆ ನೀರು ಹರಿಯುತ್ತಿದ್ದರೆ ಇನ್ನೊಂದು ಕಡೆ ಇನ್ನೂ ಅಗೆಯುತ್ತಿದ್ದರು. ಟ್ರ್ಯಾಕ್ಟರು, ಟಿಪ್ಪರು, ಗುತ್ತಿಗೆದಾರರ ಜೀಪು, ಎಲ್ಲೆಲ್ಲಿಂದಲೋ ಬಂದ ಕೂಲಿಯವರ ಜೋಪಡಿ. ಜೋಳ ಬೆಳೆಯುತ್ತಿದ್ದ ಹೊಲಕ್ಕೆ ಭತ್ತ ಬಂತು, ಭತ್ತದ ಬೆನ್ನಿಗೆ ಸೊಳ್ಳೆ ಬಂತು, ಸೊಳ್ಳೆಯ ಬೆನ್ನಿಗೆ ಚಳಿಜ್ವರ ಬಂತು. ದೊಡ್ಡ ಡಾಕ್ಟರು ದೊಡ್ಡವರಾದದ್ದು ಹಾಗೆ. ಬೆಳಿಗ್ಗೆಯಿಂದಲೇ ಅವರ ಕಟ್ಟೆಯ ಮೇಲೆ ಜನ. ಅವರ ಹೆಸರು ಸುರಪುರದಾಚೆಗೂ ಹೋಗಿತ್ತು. "ಕಣ್ಣಿಲೆ ನೋಡಿದ್ರ ಸಾಕು, ರೋಗ ಹೇಳಿಬಿಡ್ತಾನ" ಎಂದು ಜನ ಕೊಂಡಾಡುತ್ತಿದ್ದರು.

ನಮಗೆ ಕಾಲೇಜಿನಲ್ಲಿ ಮೊದಲ ದಿನ ಕಲಿಸಿದ್ದೇ ಬೇರೆ. ರೋಗಿಯ ಮುಂದೆ ನಿಂತರೆ ನಾಲ್ಕು ಕೆಲಸ: ನೋಡು, ಮುಟ್ಟು, ತಟ್ಟು, ಕೇಳು. ಈ ಸಾಲು ತಪ್ಪಬಾರದು, ಒಂದನ್ನೂ ಬಿಡಬಾರದು. ದೊಡ್ಡ ಡಾಕ್ಟರು ನಡುವಿನ ಎರಡನ್ನು ಬಿಟ್ಟೇಬಿಟ್ಟಿದ್ದರು. ಅಗಲವಾದ ಮೇಜು, ಅದರ ಆಚೆಗೆ ಅವರ ಕುರ್ಚಿ, ಈಚೆಗೆ ರೋಗಿ. ಪೈಪಿನ ತುದಿಯನ್ನು ಕಂಪೌಂಡರ್ ದಾಟಿಸುತ್ತಿದ್ದರು. "ಎದಿ ಮ್ಯಾಲ ನೀನs ಹಿಡ್ಕೋ. ಹಾಂ, ಉಸರು ತಗೋ. ಬಿಡು. ಆತು." ಮುಗಿಯಿತು ಪರೀಕ್ಷೆ. ಚೀಟಿ ಬರೆದದ್ದೇ ಬರೆದದ್ದು.

ನಾನು ಇದನ್ನು ದೊಡ್ಡ ಜಾಣತನ ಎಂದುಕೊಂಡೆ! "ಕಾಲುವಿ ಧೂಳು, ಟೀಬಿ, ಕಜ್ಜಿ... ನಮ್ಮ ಹುಷಾರಿನ್ಯಾಗ ನಾವು ಇರಬೇಕವ್ವಾ" ಎಂದು ಅವರು ಹೇಳಿದ್ದನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಕಾಲೇಜಿಗೆ ಮರಳಿದ ಮೇಲೆ ಬಜಾರಿಗೆ ಹೋಗಿ ನನ್ನ ಸ್ಟೆತಾಸ್ಕೋಪಿಗೂ ಉದ್ದ ಪೈಪು ಹಾಕಿಸಿಕೊಂಡು ಬಂದೆ. ವಾರ್ಡಿನಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡು ನಿಂತರೆ ಮೊಣಕಾಲ ತನಕ ಜೋತಾಡುತ್ತಿತ್ತು. ನಮ್ಮ ಸರ್ ನೋಡಿದವರೇ, "ಇದೇನವ್ವಾ, ಬಾವ್ಯಾಗಿನ ನೀರು ಸೇದಾಕ ಹೊಂಟೀಯೇನು?" ಅಂದರು. ಇಡೀ ವಾರ್ಡು ನಕ್ಕಿತು. ಪೈಪು ಉದ್ದವಾದಷ್ಟೂ ಸದ್ದು ದಾರಿಯಲ್ಲೇ ಸಾಯುತ್ತದೆ, ಎದೆಯ ಸಣ್ಣ ಗುರುಗುರು ಕಿವಿಗೆ ಮುಟ್ಟುವುದೇ ಇಲ್ಲ ಎಂದು ಅವರು ಬಿಡಿಸಿ ಹೇಳಿದರು. ಅಂದರೆ ನಮ್ಮ ದೊಡ್ಡ ಡಾಕ್ಟರಿಗೆ ನೋಡುವುದನ್ನು ಬಿಟ್ಟರೆ ಕೇಳುವುದೂ ಅಷ್ಟಕ್ಕಷ್ಟೇ. ಇಷ್ಟು ತಿಳಿದ ಮೇಲೂ ಮುಂದಿನ ರಜೆಗೆ ಮತ್ತೆ ಅಲ್ಲಿಗೇ ಹೋದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ಹೋಗಲು ಕಾರಣವಿತ್ತು. ಆ ದವಾಖಾನೆಯಲ್ಲಿ ನನಗೊಂದು ಕುರ್ಚಿ ಇತ್ತು. ಹನ್ನೊಂದು ಗಂಟೆಗೆ ಡಾಕ್ಟರಿಗೆ ಚಹಾ ಬರುವಾಗ ನನಗೂ ಬರುತ್ತಿತ್ತು, ಅವರಿಗೆ ಬಂದಂಥದೇ ಹೂವಿನ ಚಿತ್ರದ ಕಪ್ಪು-ಬಸಿಯಲ್ಲಿ. "ಡಾಕ್ಟರಮ್ಮಗ ಕೊಡ್ರಿ" ಎಂದು ಅವರು ಕಂಪೌಂಡರಿಗೆ ಹೇಳುತ್ತಿದ್ದರು. ನಮ್ಮ ಓಣಿಯ ಹುಡುಗಿ ನಾನು, ಕಟ್ಟೆಯ ಮೇಲೆ ಕೂತ ಅಷ್ಟು ಜನರ ಮುಂದೆ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನದು ಚಹಾಕ್ಕೆ ಹೋಯಿತು.

ಆ ಎರಡನೇ ರಜೆಯಲ್ಲಿ ಒಂದು ದಿನ ಕಾಲುವೆಯ ದೊಡ್ಡ ಗುತ್ತಿಗೆದಾರರೊಬ್ಬರು ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಬಂದರು. ಹೊಟ್ಟೆನೋವು. ದೊಡ್ಡ ಡಾಕ್ಟರು ಕುರ್ಚಿಯಿಂದ ಎದ್ದರು. ಅವರು ಹಾಗೆ ಏಳುವುದನ್ನು ನಾನು ಗಮನಿಸಿದ್ದು ಅದೇ ಮೊದಲು. ಮಗುವನ್ನು ಒಳಗಿನ ಮಂಚದ ಮೇಲೆ ಮಲಗಿಸಿದರು. ಎರಡೂ ಅಂಗೈ ಉಜ್ಜಿ ಉಜ್ಜಿ ಬಿಸಿ ಮಾಡಿಕೊಂಡರು. "ತಣ್ಣನ ಕೈ ಹಚ್ಚಿದ್ರ ಕೂಸು ಹೊಟ್ಟಿ ಬಿಗಿ ಹಿಡೀತದ, ಒಳಗಿಂದು ಏನೂ ಹತ್ತೂದಿಲ್ಲ" ಎಂದು ನನಗೆ ಹೇಳಿಕೊಟ್ಟರು. ನೋವಿಲ್ಲದ ಕಡೆಯಿಂದ ಶುರುಮಾಡಿ, ಮಗುವಿನ ಹೊಟ್ಟೆಯನ್ನಲ್ಲ, ಮುಖವನ್ನೇ ನೋಡುತ್ತ ಕೈಯಾಡಿಸಿದರು. ಎಲ್ಲಿ ಮುಖ ಕಿವುಚುತ್ತದೋ ಅಲ್ಲಿ ನೋವು. ಆಮೇಲೆ ಹುಡುಗನಿಗೆ ಎರಡೂ ಕೈಯ ಬೆರಳು ಕೊಕ್ಕೆ ಹಾಕಿ ಜಗ್ಗಲು ಹೇಳಿ, ಅವನ ಗಮನ ಅತ್ತ ಹೋದಾಗ ಮೊಣಕಾಲ ಚಿಪ್ಪಿನ ಕೆಳಗೆ ಸುತ್ತಿಗೆಯಿಂದ ಟಕ್ಕೆಂದು ತಟ್ಟಿದರು. ಕಾಲು ಚಂಗನೆ ಜಿಗಿಯಿತು. ಹುಡುಗ ಕಿಲಕಿಲ ನಕ್ಕ. ಎದೆಗೆ ಇಟ್ಟದ್ದು ಮೇಜಿನ ಡ್ರಾದಿಂದ ತೆಗೆದ ಇನ್ನೊಂದು ಸ್ಟೆತಾಸ್ಕೋಪು, ಗಿಡ್ಡ ಪೈಪಿನದು.

ಎಂಥ ಕೈ ಅದು! ನಮ್ಮ ಕಾಲೇಜಿನಲ್ಲೂ ಅಂಥ ಹಗುರವಾದ ಕೈ ನಾನು ಕಂಡಿರಲಿಲ್ಲ. ಕೈ ಬಿಸಿ ಮಾಡಿಕೊಳ್ಳುವುದು, ಮುಖ ನೋಡುತ್ತ ಹೊಟ್ಟೆ ಮುಟ್ಟುವುದು, ಈ ಎರಡನ್ನು ಇವತ್ತಿಗೂ ನಾನು ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ಕಲಿಸುತ್ತೇನೆ. ನಾನು ಹೇಳಿದ ಎರಡು ಒಳ್ಳೆಯ ಮಾತು ಇವೇ. ಆದರೆ ನನಗೆ ಮೈ ಉರಿಯುವುದೂ ಇದಕ್ಕೇ. ಬಾರದವನು ಬಿಟ್ಟರೆ ದಡ್ಡ ಎಂದು ಸುಮ್ಮನಾಗಬಹುದು. ಈ ಮನುಷ್ಯನಿಗೆ ಎಲ್ಲ ಬರುತ್ತಿತ್ತು.

ಆ ದಿನವೇ ನನಗೆ ಇನ್ನೊಂದು ಹೊಳೆಯಿತು. ರೋಗಿ ಬಂದ ಕೂಡಲೇ ಏನಾಗಿದೆ ಎಂದು ಕೇಳುವುದು ಎಲ್ಲ ಡಾಕ್ಟರರ ರೂಢಿ. ಇವರ ದವಾಖಾನೆಯಲ್ಲಿ ಕಂಪೌಂಡರ್ ಕೇಳುತ್ತಿದ್ದ ಮೊದಲ ಪ್ರಶ್ನೆ, "ಯಾವ ಊರು? ಯಾವ ಓಣಿ?" ಚೀಟಿಯ ಮೇಲೆ ಅದನ್ನೇ ಮೊದಲು ಬರೆಯುತ್ತಿದ್ದರು. ಡಾಕ್ಟರು ಚೀಟಿ ನೋಡುತ್ತಿದ್ದರು, ಆಮೇಲೆ ಪೈಪು ಆರಿಸುತ್ತಿದ್ದರು. ಧೂಳಿಲ್ಲ, ಟೀಬಿ ಇಲ್ಲ, ಮಣ್ಣಿಲ್ಲ... ಓಣಿ! ಗುತ್ತಿಗೆದಾರನ ಮಗನ ಮೈಮೇಲೆ ಬೇಕಾದಷ್ಟು ಕಾಲುವೆಯ ಧೂಳಿತ್ತು. ನಾನು ಎದ್ದು ಹೋಗಬೇಕಿತ್ತು. ಹನ್ನೊಂದು ಗಂಟೆಯಾಯಿತು, ಚಹಾ ಬಂತು. ಕೂತೆ.

ಇದಾದ ಎರಡು ದಿನಕ್ಕೆ ಅಕ್ಕ ಬಂದಳು.

ಅಕ್ಕನನ್ನು ಗೋಗಿ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಭಾವ ಕಾಲುವೆಯ ಮೇಲೆ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮೊದಲನೆಯದು ಗಂಡು, ಎರಡನೆಯದು ಈ ಹೆಣ್ಣುಮಗು, ಮೂರು ತಿಂಗಳದ್ದು. ಮಗು ಅಳುತ್ತಿರಲಿಲ್ಲ. ಎಬ್ಬಿಸಿ ಹಾಲು ಕುಡಿಸಬೇಕು, ಕುಡಿದು ಮತ್ತೆ ಮಲಗುತ್ತಿತ್ತು. ಮುಖ ದುಂಡಗೆ, ಕಣ್ಣು ಅರ್ಧ ಮುಚ್ಚಿ, ಮೆಲ್ಲನೆ. ಅಕ್ಕನ ಅತ್ತೆ ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದರಂತೆ: "ನೋಡ್ರೆವ್ವಾ, ಪಟದಾಗಿನ ಬುದ್ಧನಂಗ ಅದ. ಒಂದು ಅಳು ಇಲ್ಲ, ಒಂದು ಹಟ ಇಲ್ಲ. ನಮ್ಮ ಮನಿಗಿ ಶಾಂತಿ ಹುಟ್ಟಿ ಬಂದದ." ನಮ್ಮ ಅವ್ವನಿಗೂ ಅದೇ ಹೆಮ್ಮೆ. ಅಪ್ಪನಂತೂ ಮಗುವಿನ ಮುಂದೆ ಕೂತು ಕಣ್ಣು ಮುಚ್ಚಿಬಿಡುತ್ತಿದ್ದರು. ಬೇರೆ ಮನೆಯಾಗಿದ್ದರೆ ಯಾಕೆ ಅಳುವುದಿಲ್ಲ ಎಂದು ಯಾರಾದರೂ ಗಾಬರಿಯಾಗುತ್ತಿದ್ದರೇನೋ. ನಮ್ಮ ಮನೆಯಲ್ಲಿ ಕೈ ಮುಗಿದರು. ನಾನೂ ಮುಗಿದೆ.

ಗಾಬರಿಯಾದವಳು ಅಕ್ಕ ಒಬ್ಬಳೇ. ಮಗುವಿನ ತಲೆಗೆ ಕುಂಚಿಗೆ, ಮೈಗೆ ಅಂಗಿ ಹಾಕಿ ಕೌದಿಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ನಿಂತೇ ಶಹಾಪುರಕ್ಕೆ ಬಂದಿದ್ದಳು. ಚೀಟಿ ಬರೆಸಿ ಒಳಗೆ ಬಂದವಳು ನನ್ನ ಮುಖ ನೋಡಿದಳು, ಆಮೇಲೆ ಡಾಕ್ಟರ ಕಡೆಗೆ ತಿರುಗಿದಳು.

"ಸಾಹೇಬ್ರ, ಕೂಸು ಅಳೂದಿಲ್ರಿ. ನನ್ನ ಹಿರಿ ಮಗ ಇಷ್ಟೊತ್ತಿಗಿ ನನ್ನ ದನಿ ಕೇಳಿದ್ರ ನಗ್ತಿದ್ದ. ಇದು ನಗೂದೂ ಇಲ್ರಿ."

ದೊಡ್ಡ ಡಾಕ್ಟರು ಚೀಟಿ ನೋಡಿದರು. ಮೇಜಿನ ಆಚೆಯಿಂದ ಕುತ್ತಿಗೆ ಉದ್ದ ಮಾಡಿ ಕೌದಿಯೊಳಗಿನ ಮುಖ ನೋಡಿದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. "ಏ ತಾಯಿ, ಗುಂಡ ಗುಂಡ ಅದಲ್ಲ ಕೂಸು! ತೂಕ ಛಲೋ ಅದ. ಅಳೋ ಕೂಸು ತಂದು ಅಳೂದು ನಿಲ್ಲಸ್ರಿ ಅಂತಾರ ಮಂದಿ, ನೀ ನೋಡಿದ್ರ ಅಳೂದಿಲ್ಲ ಅಂತಿ" ಎಂದು ನಕ್ಕರು. ಕಂಪೌಂಡರೂ ನಕ್ಕರು. ಟಾನಿಕ್ಕು ಬರೆದರು.

ಅಕ್ಕ ಕದಲಲಿಲ್ಲ. ನನ್ನ ಕಡೆ ತಿರುಗಿ, "ತಂಗೀ, ನೀ ಒಂದ್ಸಲ ಕೈ ಹಚ್ಚಿ ನೋಡ್ವಾ" ಅಂದಳು.

ನಾನು ಏನು ಮಾಡಬೇಕಿತ್ತೆಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಗೆರೆ ಎಳೆದುಕೊಂಡು ಬಾಯಿಪಾಠ ಮಾಡಿದ್ದೆ. ಮಗುವಿನ ಬಟ್ಟೆ ಪೂರ್ತಿ ಬಿಚ್ಚು. ತಲೆಯ ಸುತ್ತಳತೆ ತೆಗೆ, ನೆತ್ತಿ ಮುಟ್ಟು. ಮಲಗಿಸಿ ಉದ್ದ ಅಳೆ. ತೂಕವೊಂದೇ ನೋಡಿ ಮೋಸ ಹೋಗಬೇಡ. ಎರಡೂ ಕೈ ಹಿಡಿದು ಮೆಲ್ಲಗೆ ಎತ್ತಿ, ಕುತ್ತಿಗೆ ಎಷ್ಟು ನಿಲ್ಲುತ್ತದೆ ನೋಡು. ಚಪ್ಪಾಳೆ ತಟ್ಟು, ಬೆಚ್ಚುತ್ತದೋ ಇಲ್ಲವೋ ನೋಡು. ಎಷ್ಟು ಹೊತ್ತಿನ ಕೆಲಸ? ಒಂದು ಚಹಾ ಕುಡಿಯುವಷ್ಟು ಹೊತ್ತು. ಆದರೆ ದೊಡ್ಡ ಡಾಕ್ಟರು ನೋಡಿದ ಮೇಲೆ ಅವರ ಮುಂದೆಯೇ ನಾನು ಎದ್ದು ನೋಡುವುದೆಂದರೆ... ಕಪ್ಪು ನನ್ನ ಕೈಯಲ್ಲೇ ಇತ್ತು.

"ಸರ್ ನೋಡ್ಯಾರಲ್ಲಕ್ಕಾ" ಅಂದೆ.

ಅಕ್ಕ ಕೌದಿ ಬಿಗಿ ಮಾಡಿಕೊಂಡು ಹೊರಟುಹೋದಳು. ಮರುದಿನ ಬೆಳಿಗ್ಗೆ ಯಾದಗಿರಿ ಸ್ಟೇಷನ್ನಿಗೆ ಹೋಗಿ ನಾನು ರೈಲು ಹತ್ತಿದೆ. ಪರೀಕ್ಷೆ ಹತ್ತಿರ ಬಂದಿತ್ತು.

ಮುಂದಿನ ವರ್ಷ ಮಕ್ಕಳ ವಾರ್ಡಿಗೆ ನಮ್ಮ ಸರದಿ ಬಂತು. ಅಲ್ಲಿನ ಮೇಡಂ ಒಂದು ಕೂಸನ್ನು ಬರಿಮೈಯಲ್ಲಿ ಮಂಚದ ಮೇಲೆ ಮಲಗಿಸಿ, "ಕಣ್ಣು ಮುಚ್ಚಿ ಮುಟ್ಟಿ ನೋಡು, ಹೇಳು" ಅಂದರು. ಮುಟ್ಟಿದೆ. ತಣ್ಣಗಿನ, ಒರಟು ಚರ್ಮ. ಅಗಲ ನೆತ್ತಿ. ಮೆತ್ತಗೆ ಜಾರುವ ಕೈಕಾಲು. ಉಬ್ಬಿದ ಹೊಕ್ಕುಳ. ಕಣ್ಣು ಬಿಟ್ಟಾಗ ಕಂಡದ್ದು ದುಂಡನೆಯ ಮುಖ, ತುಟಿಯಿಂದ ಹೊರಗೆ ಚಾಚಿದ ದಪ್ಪ ನಾಲಿಗೆ. "ಇದರ ತಾಯಿ ಏನು ಹೇಳಿರ್ತಾಳ, ಗೊತ್ತೇನು?" ಎಂದು ಮೇಡಂ ಕೇಳಿದರು. "ನನ್ನ ಕೂಸು ಭಾಳ ಶ್ಯಾಣ್ಯಾ, ಅಳೂದೇ ಇಲ್ಲ ಅಂದಿರ್ತಾಳ. ಕುತ್ತಿಗ್ಯಾಗಿನ ಥೈರಾಯ್ಡ್ ಗ್ರಂಥಿ ಕೆಲಸ ಮಾಡೂದಿಲ್ಲ. ಹುಟ್ಟಿದ ಹೊಸತರಾಗ ಗುರುತು ಹಿಡದು ದಿನಕ್ಕೊಂದು ಸಣ್ಣ ಗುಳಿಗಿ ಕೊಟ್ರ ಎಲ್ಲಾರಂಗ ಶಾಳಿಗಿ ಹೋಗ್ತದ. ತಡ ಆದ್ರ ಮೈ ಬೆಳಸಬಹುದು, ಹೋದ ಬುದ್ಧಿ ತರಾಕ ಆಗೂದಿಲ್ಲ."

ಅವರು ಮುಂದೆ ಏನು ಹೇಳಿದರೋ, ನನ್ನ ಕಿವಿಗೆ ಬೀಳಲಿಲ್ಲ. ಅವತ್ತೇ ಹೊರಟು ಗೋಗಿಗೆ ಹೋದೆ.

ಮಗುವಿಗೆ ಆಗ ಒಂದೂವರೆ ವರ್ಷ. ಇನ್ನೂ ಕೂಡುತ್ತಿರಲಿಲ್ಲ. ಗೋಡೆಗೆ ಒರಗಿಸಿ ಎರಡೂ ಕಡೆ ದಿಂಬು ಇಟ್ಟಿದ್ದರು. ಅತ್ತೆ ಈಗ ಯಾರನ್ನೂ ಕರೆದು ತೋರಿಸುತ್ತಿರಲಿಲ್ಲ. ನಾನು ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಮೊಟ್ಟಮೊದಲ ಸಲ, ಅದರ ಅಂಗಿ ಬಿಚ್ಚಿದೆ. ಹೊಕ್ಕುಳದ ಮೇಲೆ ತಾಮ್ರದ ಬಿಲ್ಲೆಯನ್ನಿಟ್ಟು ಅರಿವೆಯಿಂದ ಬಿಗಿದು ಕಟ್ಟಿದ್ದರು. "ಇದನ್ನ ಯಾವಾಗ ಕಟ್ಟಿದಿ?" ಎಂದು ಕೇಳಿದೆ. "ತಿಂಗಳ ಕೂಸಿದ್ದಾಗ. ಹೊಕ್ಕಳ ಉಬ್ಬಿತ್ತಲ್ಲ" ಅಂದಳು ಅಕ್ಕ. ಅಂದರೆ ದವಾಖಾನೆಗೆ ಬಂದ ದಿನವೂ ಆ ಬಿಲ್ಲೆ ಅಲ್ಲೇ ಇತ್ತು. ಅಂಗಿ ಮೇಲೆತ್ತಿದ್ದರೆ ಕಾಣುತ್ತಿತ್ತು. ಕುಂಚಿಗೆ ತೆಗೆದಿದ್ದರೆ ನೆತ್ತಿ ಕೈಗೆ ಹತ್ತುತ್ತಿತ್ತು. ಚೀಲದಿಂದ ಸುತ್ತಿಗೆ ತೆಗೆದು ಹಿಮ್ಮಡಿಯ ಮೇಲಿನ ನರಕ್ಕೆ ತಟ್ಟಿದೆ. ಪಾದ ಕೆಳಗೆ ಚಾಚಿತು. ಮರಳಿ ಬರಲು ಮಾತ್ರ ಆಲೋಚನೆ ಮಾಡುವವರ ಹಾಗೆ ತಡಮಾಡಿತು... ಪುಸ್ತಕದಲ್ಲಿ ಬರೆದಂತೆಯೇ.

ರಕ್ತ ಪರೀಕ್ಷೆಗೆ ಹೈದರಾಬಾದಿಗೆ ಹೋಯಿತು, ಗುಳಿಗೆ ಶುರುವಾಯಿತು. ಮಗು ಕೂತಿತು, ನಿಂತಿತು, ಮೂರು ದಾಟಿದ ಮೇಲೆ ನಡೆಯಿತು. ಮೇಡಂ ಹೇಳಿದ್ದ ಉಳಿದ ಮಾತೂ ಸುಳ್ಳಾಗಲಿಲ್ಲ.

ನಾನು ದೊಡ್ಡ ಡಾಕ್ಟರ ಹತ್ತಿರ ಹೋದೆ. ಜಗಳಕ್ಕೆಂದೇ ಹೋದೆ. ಕಟ್ಟೆಯ ಮೇಲಿನ ಜನಕ್ಕೆಲ್ಲ ಕೇಳುವ ಹಾಗೆ, "ನೀವು ಆ ಕೂಸಿನ ಅಂಗಿ ಎತ್ತಿದ್ರ ಗೊತ್ತಾಗ್ತಿತ್ರಿ! ಯಾಕ ಎತ್ತಲಿಲ್ಲ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಯಾವ ಕೂಸವ್ವಾ?"

ಖರೆಯೇ ಅವರಿಗೆ ನೆನಪಿರಲಿಲ್ಲ. ನಾನು ಹೇಳಿದೆ. "ಅಪರೂಪದ ರೋಗ ಅದು. ದೊಡ್ಡ ದೊಡ್ಡವ್ರಿಗೇ ತಪ್ಪತದ. ಸಿಟ್ಟು ಮಾಡ್ಕೋಬ್ಯಾಡ, ಕೂಡು" ಅಂದು ಕಂಪೌಂಡರ ಕಡೆ ನೋಡಿದರು. ಕಪ್ಪು-ಬಸಿ ಬಂತು. ಅದನ್ನು ಎತ್ತಿ ಒಗೆದೆ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಒಗೆಯಲಿಲ್ಲ. ನನ್ನ ಕೈ ಅದಕ್ಕೆ ರೂಢಿಯಾಗಿತ್ತು. ಎರಡು ಗುಟುಕು ಕುಡಿದು, ಆಮೇಲೆ ನೆನಪಾಗಿ ಇಟ್ಟು ಬಂದೆ. ಮತ್ತೆ ಆ ಮೆಟ್ಟಿಲು ತುಳಿಯಲಿಲ್ಲ.

ಅವರಿಗೆ ಸನ್ಮಾನಗಳಾದವು. ಹಾರ, ಶಾಲು, ಭಾಷಣ. ಕಣ್ಣಿನಿಂದಲೇ ರೋಗ ಹಿಡಿಯುವ ಧನ್ವಂತರಿ ಎಂದು ವೇದಿಕೆಯ ಮೇಲೆ ಹೊಗಳಿದರು. ಮುಟ್ಟಿದರೆ ಕೈ ಕೊಳೆಯಾಗುತ್ತದೆ ಎಂದುಕೊಂಡವನಿಗೆ ಡಾಕ್ಟರಿಕೆ ಯಾಕೆ ಬೇಕಿತ್ತು? ಜ್ಯೋತಿಷ್ಯ ಹೇಳಬಹುದಿತ್ತು. ಅಲ್ಲಿಯೂ ಕೈ ಹಿಡಿಯಬೇಕಾಗುತ್ತದೆ, ಬಿಡಿ. ಹೋದ ವರ್ಷ ಅವರು ತೀರಿದರೆಂದು ಕೇಳಿದಾಗ ನಾನು ನೋಡಲಿಕ್ಕೂ ಹೋಗಲಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ಮಗಳೊಂದಿಗೆ ನನ್ನ ಮನೆಗೇ ಬಂದಿದ್ದಾಳೆ. ಮಗ ದೂರದ ಊರಿನಲ್ಲಿ ತನ್ನ ಸಂಸಾರದ ಪಾಡಿಗೆ ಇದ್ದಾನೆ. ಮಗಳಿಗೆ ಈಗ ತಲೆಯಲ್ಲಿ ಒಂದೊಂದು ಬಿಳಿಕೂದಲು. ಎತ್ತರ ನನ್ನ ಭುಜಕ್ಕೆ ಬರುವುದಿಲ್ಲ. ಜಡೆ ಹಾಕಿಸಿಕೊಳ್ಳಲು ದಿನಾ ಬೆಳಿಗ್ಗೆ ಅವಳ ಅವ್ವನ ಮುಂದೆ ಕೂಡುತ್ತಾಳೆ. ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ಹಾಡು ಕೇಳಿದರೆ ಕುಣಿಯುತ್ತಾಳೆ. ನಾವಿಬ್ಬರೂ ಹೋದ ಮೇಲೆ ಅವಳಿಗೆ ಯಾರು ಎಂಬ ಮಾತನ್ನು ಅಕ್ಕನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನಿನ್ನೆ ಸಂಜೆ ಇಲ್ಲಿಯವರೆಗೆ ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪೂರ್ತಿ ಕೇಳಿದಳು. ಆ ಮನುಷ್ಯನನ್ನು ನಾನು ಬೈದ ಕಡೆಯೆಲ್ಲ ಅವಳ ಮುಖ ಅರಳಬಹುದೆಂದು ನೋಡುತ್ತಿದ್ದೆ. ಅರಳಲಿಲ್ಲ.

"ಅಂವ ಮುಟ್ಟೂದಿಲ್ಲಂತ ನನಗ ಮೊದಲs ಗೊತ್ತಿತ್ತು ತಂಗಿ. ನಮ್ಮ ಓಣ್ಯಾಗ ಯಾರಿಗಿ ಗೊತ್ತಿರಲಿಲ್ಲ? ಅದಕ್ಕs ನಾವು ಯಾರೂ ಅಲ್ಲಿಗಿ ಹೋಗ್ತಿರಲಿಲ್ಲ" ಅಂದಳು.

"ಮತ್ತ ನೀ ಯಾಕ ಬಂದಿದ್ದಿ?"

ಅಕ್ಕ ಬೇಳೆಯಿಂದ ಕೈ ತೆಗೆದಳು. ಬೈಯುವ ದನಿ ಇರಲಿಲ್ಲ. "ನೀ ಅಲ್ಲಿ ಕುಂತಿದ್ದಿಯಲ್ಲ. ನಾ ಅವನ ಕಡಿ ಬಂದಿದ್ದಿಲ್ಲ. ನಿನ್ನ ಕಡಿ ಬಂದಿದ್ದೆ."

ಇಷ್ಟು ವರ್ಷ ಆ ಮನುಷ್ಯನನ್ನು ಬೈದುಕೊಂಡು ಹೇಗೋ ನಿದ್ದೆ ಮಾಡುತ್ತಿದ್ದೆ. ಅಕ್ಕ ಮತ್ತೆ ಬೇಳೆಯಲ್ಲಿ ಕೈಯಾಡಿಸತೊಡಗಿದಳು. ನಾನು ಎದ್ದು ಹೋಗಿ ಅಂಗಳದಲ್ಲಿ ನಿಂತೆ.